ಮೂರನೆಯ ಮೆಟ್ಟಿಲಿಗೆ ಬಂದ ಕಾಫಿ

ಪಿಂಗಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಂಪ್ಯೂಟರುಗಳನ್ನು ಒಂದಕ್ಕೊಂದು ಹೆಣೆದು ಜಾಲ ಕಟ್ಟುವ ನೆಟ್‌ವರ್ಕ್ ಕಸುಬಿನ ತರಬೇತಿ ಕೇಂದ್ರದ ಗೆಳತಿಯರು ಕಟ್ಟಿದ್ದು. ಒಂದು ಕಂಪ್ಯೂಟರು ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳಿ, ಅದು ‘ಇದ್ದೀನಿ’ ಎನ್ನುವವರೆಗೆ ಕಾಯುವುದಕ್ಕೆ ಆ ಕಸುಬಿನಲ್ಲಿ ಪಿಂಗ್ ಮಾಡುವುದು ಎನ್ನುತ್ತಾರೆ. ಇವಳದ್ದು ಹುಟ್ಟಿನಿಂದಲೇ ಅದೇ ಚಾಳಿ. ಒಲೆ ಆರಿಸಿ ಮತ್ತೊಮ್ಮೆ ಹೋಗಿ ನೋಡುವಳು, ಬೀಗ ಹಾಕಿ ಇನ್ನೊಮ್ಮೆ ಎಳೆದು ನೋಡುವಳು, ಯಾರಾದರೂ ‘ಆಯ್ತು’ ಅಂದರೆ ‘ನಿಜವಾಗ್ಲೂ ಆಯ್ತಾ?’ ಎನ್ನುವಳು. ಇಷ್ಟೆಲ್ಲ ಅನುಮಾನದವಳು ಜೀವನದಲ್ಲಿ ಒಬ್ಬರನ್ನು ಮಾತ್ರ ಎರಡನೇ ಸಲ ಕೇಳದೆ ನಂಬಿದಳು. ಎಡವಿದ್ದೂ ಅಲ್ಲೇ.

ಆ ಒಬ್ಬರು ಮೇಷ್ಟ್ರು. ಅವರೂ ನಿಜವಾದ ಮೇಷ್ಟ್ರೇನಲ್ಲ, ಅವಳ ಹಾಗೆಯೇ ಹಣ ಕಟ್ಟಿ ಕಲಿಯಲು ಬಂದವರು. ಆದರೆ ತಮಗೆ ಅರ್ಥವಾದದ್ದನ್ನು, ಎಷ್ಟೋ ಸಲ ಅರ್ಥವಾಗದೆ ಇದ್ದದ್ದನ್ನೂ, ಪಕ್ಕದವರಿಗೆ ವಿವರಿಸದಿದ್ದರೆ ಅವರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಕೇಂದ್ರ ಇದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ರಬ್ಬರಿನ ವಾಸನೆ, ಮೇಲೆ ಸದಾ ಗುಂಯ್ ಎನ್ನುವ ಯಂತ್ರಗಳು. ಕೇಬಲ್ಲಿನ ಸಿಪ್ಪೆ ಸುಲಿದು, ಒಳಗಿನ ಎಂಟು ಬಣ್ಣದ ಎಳೆಗಳನ್ನು ಸಾಲು ತಪ್ಪದಂತೆ ಜೋಡಿಸಿ, ಪ್ಲಾಸ್ಟಿಕ್ ಕನೆಕ್ಟರಿಗೆ ತೂರಿಸಿ ಇಕ್ಕಳದಲ್ಲಿ ಒತ್ತುವುದು ಮೊದಲ ಪಾಠ. ಪಿಂಗಮ್ಮ ಎಳೆಗಳ ಬಣ್ಣವನ್ನು ಮಗ್ಗಿ ಒಪ್ಪಿಸಿದಂತೆ ತುಟಿ ಆಡಿಸುತ್ತ ಜೋಡಿಸುವಳು. ಮೇಷ್ಟ್ರು ಪಕ್ಕದಲ್ಲಿ ನಿಂತು, ತಮ್ಮ ಕೇಬಲ್ ಸೊಟ್ಟಗಿದ್ದರೂ, ಅವಳದ್ದು ಯಾಕೆ ನೆಟ್ಟಗಿದೆ ಎಂದು ಇಡೀ ತರಗತಿಗೆ ವಿವರಿಸುವರು. ಹುಡುಗಿಗೆ ಅದು ಹಿಡಿಸಿತು. ತನ್ನ ಕೆಲಸವನ್ನು ಇಷ್ಟು ಕಣ್ಣಿಟ್ಟು ನೋಡಿದವರು ಅವಳಿಗೆ ಅದುವರೆಗೆ ಯಾರೂ ಸಿಕ್ಕಿರಲಿಲ್ಲ.

ಈ ಕಸುಬಿನಲ್ಲಿ ಮನುಷ್ಯರ ಬೆಲೆ ಕಟ್ಟುವುದು ಮೆಟ್ಟಿಲುಗಳ ಲೆಕ್ಕದಲ್ಲಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಪರೀಕ್ಷೆ, ಪಾಸಾದರೆ ಒಂದು ಪ್ರಮಾಣಪತ್ರ. ಮೊದಲನೆಯದು ಈಗಷ್ಟೇ ಕಾಲಿಟ್ಟವರದು. ಎರಡನೆಯದನ್ನು ಹತ್ತಿದವರ ಕೈಗೆ ಒಂದು ಆಫೀಸಿನ ಜಾಲವನ್ನು ನಂಬಿ ಒಪ್ಪಿಸಬಹುದು. ಮೂರನೆಯದು ದೊಡ್ಡ ಜಾಲಗಳನ್ನು ಕಟ್ಟುವವರದು, ಎಲ್ಲ ಕೆಟ್ಟು ಕೂತಾಗ ಉಳಿದವರು ಯಾರ ಮುಖ ನೋಡುತ್ತಾರೋ ಅವರದು. ನಾಲ್ಕನೆಯದು ಪರಿಣತರದು. ಅದನ್ನು ಹತ್ತಿದವರನ್ನು ಇವರಾರೂ ಕಣ್ಣಾರೆ ಕಂಡವರಲ್ಲ. ದೇವರ ಹಾಗೆ, ಇದ್ದಾರೆ ಎಂದು ಕೇಳಿ ಬಲ್ಲರು, ಅಷ್ಟೇ. ಹಾಗೆಂದು ಹತ್ತಿದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತುಬಿಡುವ ಹಾಗೂ ಇಲ್ಲ. ಪ್ರಮಾಣಪತ್ರದ ಆಯುಸ್ಸು ಮೂರು ವರ್ಷ. ಅಷ್ಟರೊಳಗೆ ಮೇಲಿನ ಪರೀಕ್ಷೆಯನ್ನೋ, ಕಡೆಗೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆಯೋ ಪಾಸು ಮಾಡಬೇಕು. ಮಾಡದಿದ್ದರೆ ಹತ್ತಿದ್ದೆಲ್ಲ ಬಿಟ್ಟು ನೆಲಕ್ಕೆ ಬರಬೇಕು.

ಮೊದಲೆರಡು ಮೆಟ್ಟಿಲನ್ನು ಇಬ್ಬರೂ ಜೊತೆಯಾಗಿಯೇ ಹತ್ತಿದರು. ಒಂದೇ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಮನೆ ಎಂದರೆ ಎರಡು ಕೋಣೆ, ಒಂದು ಅಡಿಗೆಮನೆ, ಮತ್ತು ಅತ್ತೆ. ಅತ್ತೆ ಒಳ್ಳೆಯವರು, ಸೊಸೆ ಮಂಚದ ಕೆಳಗೆ ಅಭ್ಯಾಸಕ್ಕೆಂದು ರೌಟರು, ಸ್ವಿಚ್ಚು ಎನ್ನುವ ಹಳೆಯ ಜಾಲದ ಯಂತ್ರಗಳನ್ನು ತಂದು ಜೋಡಿಸಿದಾಗ, ಇದೇನು ಮನೆಯೋ ಗುಜರಿ ಅಂಗಡಿಯೋ ಎಂದು ಒಂದು ದಿನ ಗೊಣಗಿ ಆಮೇಲೆ ಅವುಗಳ ಮೇಲೆಯೇ ಒದ್ದೆ ಕಾಲುಚೀಲ ಒಣಗಿಸಲು ಶುರುಮಾಡಿದರು. ಆ ಯಂತ್ರಗಳು ಬಿಸಿಯಾಗುತ್ತವಲ್ಲ, ಬೇಗ ಒಣಗುತ್ತದಂತೆ. ಪಿಂಗಮ್ಮ ದಿನಾ ಬೆಳಿಗ್ಗೆ ಕಾಲುಚೀಲ ಎತ್ತಿಟ್ಟು ತನ್ನ ಅಭ್ಯಾಸ ಶುರುಮಾಡುವಳು.

ಹೀಗಿರುವಾಗ ಕಂಪನಿಯಲ್ಲಿ ತಂಡದ ಹಿರಿಯರೊಬ್ಬರು ಬಿಟ್ಟುಹೋದರು. ಆ ಜಾಗಕ್ಕೆ ಹೊರಗಿನವರನ್ನು ತರುವುದಿಲ್ಲ, ನಿಮ್ಮಲ್ಲೇ ಮೂರನೆಯ ಮೆಟ್ಟಿಲನ್ನು ಯಾರು ಮೊದಲು ಹತ್ತುತ್ತೀರೋ ಅವರಿಗೇ ಕೊಡುತ್ತೇನೆ ಎಂದು ಮ್ಯಾನೇಜರ್ ಮೇಡಂ ಎಲ್ಲರೆದುರು ಹೇಳಿದರು. ಮೇಷ್ಟ್ರು ಎದೆಯುಬ್ಬಿಸಿ ಹೋಗಿ ಪರೀಕ್ಷೆ ಬರೆದರು, ಬಿದ್ದರು. ಇನ್ನೊಮ್ಮೆ ಬರೆದರು, ಇನ್ನೊಮ್ಮೆ ಬಿದ್ದರು. ಅವರ ಕಷ್ಟ ಏನೆಂದರೆ ತೊಂದರೆ ಎಲ್ಲಿದೆ ಎಂದು ನೋಡುವ ಮೊದಲೇ ಎಲ್ಲಿದೆ ಎಂದು ಹೇಳಿಬಿಡುವುದು. ಮಾತಿನಲ್ಲಿ ಅದು ನಡೆಯುತ್ತದೆ, ಪರೀಕ್ಷೆಯಲ್ಲಿ ನಡೆಯುವುದಿಲ್ಲ.

ಪಿಂಗಮ್ಮನ ಎರಡನೆಯ ಮೆಟ್ಟಿಲಿನ ಆಯುಸ್ಸೂ ಮುಗಿಯುತ್ತ ಬಂದಿತ್ತು. ಅದನ್ನೇ ಮತ್ತೆ ಬರೆಯುವುದರ ಬದಲು ಮೂರನೆಯದಕ್ಕೇ ಕೂರುತ್ತೇನೆ ಎಂದು ಅವಳು ಒಂದು ಸಂಜೆ ಅಳುಕುತ್ತಲೇ ಹೇಳಿದಳು. ಮೇಷ್ಟ್ರು ಕೈಯಲ್ಲಿದ್ದ ಕೇಬಲ್ಲನ್ನು ಸುತ್ತಿ ಬದಿಗಿಟ್ಟರು. ಆಮೇಲೆ ನಕ್ಕು, “ಬರಿ ಕಣೇ, ಅದಕ್ಕೇನಂತೆ. ಯಾರು ಹತ್ತಿದ್ರೂ ಮನೆ ಒಂದೇ ತಾನೆ?” ಎಂದರು. ಆ ಮಾತಿಗೆ ಅವಳು ಕರಗಿ ನೀರಾದಳು. ಬೇರೆ ಗಂಡಸರಾಗಿದ್ದರೆ ಮುಖ ಊದಿಸುತ್ತಿದ್ದರು, ನನ್ನವರು ನೋಡು ಎಂದು ತಂಗಿಗೆ ಫೋನ್ ಮಾಡಿ ಹೇಳಿಕೊಂಡಳು ಕೂಡ.

ಈ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು. ಕಂಪ್ಯೂಟರಿನ ಕ್ಯಾಮೆರಾದ ಆಚೆ ಎಲ್ಲಿಂದಲೋ ಒಬ್ಬ ಕಾವಲುಗಾರ ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾನೆ. ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಬಾರದು, ಮೇಜಿನ ಮೇಲೆ ಒಂದು ಚೂರು ಕಾಗದ ಇರಬಾರದು, ತುಟಿ ಅಲ್ಲಾಡಿಸಬಾರದು. ಬಾಗಿಲು ತೆರೆದು ಯಾರಾದರೂ ಒಳಗೆ ಬಂದರೋ, ಒಂದು ಮಾತು ಕೇಳಿಸಿತೋ, ಪರೀಕ್ಷೆ ಅಲ್ಲಿಗೇ ಮುಗಿಯಿತು. ಇದೆಲ್ಲ ಮೇಷ್ಟ್ರಿಗೆ ಬಾಯಿಪಾಠ. ಎರಡು ಸಲ ಬರೆದು ಬಿದ್ದವರಿಗಿಂತ ನಿಯಮ ಚೆನ್ನಾಗಿ ಬಲ್ಲವರು ಬೇರೆ ಯಾರಿರುತ್ತಾರೆ? ಕೋಣೆ ಸಿದ್ಧ ಮಾಡಿದ್ದೂ ಅವರೇ. ಗೋಡೆಯ ಕ್ಯಾಲೆಂಡರ್ ತೆಗೆದರು, ಕನ್ನಡಿಗೆ ಹೊದಿಕೆ ಹೊದಿಸಿದರು, ಮಂಚದ ಕೆಳಗಿನ ಯಂತ್ರಗಳನ್ನು ಅಡಿಗೆಮನೆಗೆ ಹೊತ್ತೊಯ್ದರು. ಓದುವಾಗ ತುಟಿಯಾಡಿಸುವ ಅವಳ ಚಾಳಿ ಬಿಡಿಸಲು ವಾರಗಟ್ಟಲೆ ಅವಳ ತುಟಿಗಳ ನಡುವೆ ಹೇರ್‌ಪಿನ್ ಕಚ್ಚಿಸಿ ಓದಿಸಿದರು. ಪಿನ್ ಬಿದ್ದರೆ ಮತ್ತೆ ಮೊದಲಿಂದ. ಇದನ್ನು ಕಂಡ ಅತ್ತೆ, ಗಂಡ ಅಂದರೆ ಹೀಗಿರಬೇಕು ಎಂದು ನೆರೆಮನೆಯವರಿಗೆಲ್ಲ ಹೇಳಿಬಂದರು.

ಬಾಗಿಲಿನ ಚಿಲಕ ಮಾತ್ರ ಸಡಿಲವಾಗಿತ್ತು, ಹಾಕಿದರೂ ನಿಲ್ಲುತ್ತಿರಲಿಲ್ಲ. ಸರಿಮಾಡಿಸೋಣ ಎಂದು ಪಿಂಗಮ್ಮ ಒಂದಲ್ಲ, ನಾಲ್ಕಾರು ಸಲ ಹೇಳಿದಳು. ಹೊರಗೆ ನಾನಿರುವಾಗ ಚಿಲಕ ಯಾಕೆ, ಒಂದು ನೊಣವನ್ನೂ ಒಳಗೆ ಬಿಡುವುದಿಲ್ಲ ಎಂದರು ಮೇಷ್ಟ್ರು. ಎಲ್ಲದಕ್ಕೂ ಎರಡನೇ ಸಲ ಎಳೆದು ನೋಡುವವಳು ಆ ಮಾತನ್ನು ಮಾತ್ರ ಹಾಗೆಯೇ ಒಪ್ಪಿದಳು.

ಪರೀಕ್ಷೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತ್ತು. ಅರ್ಧಕ್ಕಿಂತ ಹೆಚ್ಚು ಮುಗಿದು, ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎದುರಿಗಿತ್ತು. ಎರಡು ಕಟ್ಟಡಗಳ ನಡುವೆ ಜಾಲ ಕಡಿದುಹೋಗಿದೆ. ಎಲ್ಲಿ ಎಂದು ಹುಡುಕಿ ಜೋಡಿಸಬೇಕು. ಅವಳು ತನ್ನ ರೂಢಿಯಂತೆ ಕೆಳಗಿನ ತಂತಿಯಿಂದ ಒಂದೊಂದನ್ನೇ ನೋಡುತ್ತ ಮೇಲೆ ಬಂದಳು, ತಪ್ಪು ಎಲ್ಲಿದೆಯೆಂದು ಕಂಡಳು, ಅದನ್ನು ತಿದ್ದಲು ಬೆರಳು ಕೀಲಿಮಣೆಯ ಮೇಲಿಟ್ಟಳು. ಆಗ ಬಾಗಿಲು ತೆರೆಯಿತು. ಮೇಷ್ಟ್ರು ಕಾಫಿ ಲೋಟ ಹಿಡಿದು, ಚಪ್ಪಲಿ ಸದ್ದು ಮಾಡುತ್ತ, ಕ್ಯಾಮೆರಾದ ನೇರಕ್ಕೆ ಬಂದು ನಿಂತರು.

“ಗಂಟಲು ಒಣಗಿರುತ್ತೆ, ಒಂದು ಗುಟುಕು ಕುಡಿದು ಬರಿ” ಎಂದರು.

ಪರದೆಯ ಮೇಲಿನ ಪ್ರಶ್ನೆ ಅಳಿಸಿಹೋಗಿ, ನಿಯಮ ಮುರಿದ ಕಾರಣ ಪರೀಕ್ಷೆಯನ್ನು ರದ್ದುಮಾಡಲಾಗಿದೆ ಎಂಬ ಎರಡು ಸಾಲು ಬಂತು. ಪಿಂಗಮ್ಮ ಅದನ್ನು ಓದಿದಳು, ಇನ್ನೊಮ್ಮೆ ಓದಿದಳು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಮರೆತೇಹೋಯಿತು, ಹೊತ್ತು ಮುಗಿಯಿತು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ ಎಂದು ತಮ್ಮನ್ನು ತಾವೇ ಬೈದುಕೊಂಡರು. ಅವರು ಬೈದುಕೊಂಡ ಜೋರಿಗೆ ಅವಳೇ ಅವರನ್ನು ಸಮಾಧಾನ ಮಾಡಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅಳುವುದಕ್ಕೂ ಅವಳಿಗೆ ಪುರಸೊತ್ತು ಸಿಗಲಿಲ್ಲ.

ಆಮೇಲೆ ಆ ಕಾಫಿಗೆ ಬಂದ ಹೆಸರು ನೋಡಬೇಕಿತ್ತು. ಪಾಪ, ಹೆಂಡತಿಯ ಮೇಲಿನ ಅಕ್ಕರೆಗೆ ಹೀಗಾಯಿತು ಎಂದರು ಅತ್ತೆ. ಆಫೀಸಿನಲ್ಲಿ ಮೇಷ್ಟ್ರು ತಾವೇ ಅದನ್ನು ಬಣ್ಣ ಕಟ್ಟಿ ಹೇಳಿದರು. ಲೋಟ ಹಿಡಿದ ಭಂಗಿ, ಕಾವಲುಗಾರ ಗಾಬರಿಬಿದ್ದದ್ದು, ಹೆಂಡತಿ ಕಣ್ಣು ಬಿಟ್ಟದ್ದು, ಎಲ್ಲ ಅಭಿನಯಿಸಿ ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯಾನೇಜರ್ ಮೇಡಂ, ನಮ್ಮ ಮನೆಯಲ್ಲಂತೂ ಕೇಳಿದರೂ ಒಂದು ಲೋಟ ನೀರು ಕೊಡುವವರಿಲ್ಲ ಎಂದು ನಿಟ್ಟುಸಿರುಬಿಟ್ಟರು. ಪಿಂಗಮ್ಮನೂ ನಗಬೇಕಾಯಿತು. ನಗದಿದ್ದರೆ, ಇಷ್ಟು ಒಳ್ಳೆಯ ಗಂಡನ ಮೇಲೆ ಸಿಟ್ಟಿಟ್ಟುಕೊಂಡ ಹೆಂಗಸು ಎಂದಾಗುತ್ತಿತ್ತು. ತನ್ನ ಸೋಲನ್ನು ಇನ್ನೊಬ್ಬರು ಹಾಸ್ಯ ಮಾಡಿ ಹಂಚುವಾಗ ನಗುತ್ತ ನಿಂತವರಿಗೇ ಗೊತ್ತು ಆ ನಗುವಿನ ಸಂಕಟ.

ಪರೀಕ್ಷೆ ನಡೆಸುವವರು ಅವಳನ್ನು ಒಂದು ವರ್ಷ ಯಾವ ಮೆಟ್ಟಿಲಿನ ಪರೀಕ್ಷೆಗೂ ಕೂರದಂತೆ ತಡೆಹಿಡಿದರು. ಒಂದೇ ದಾರಿಯಿತ್ತು. ಒಳಗೆ ಬಂದವರು ತಾವೇ, ತಿಳಿಯದೆ ಬಂದೆ, ಬರೆಯುತ್ತಿದ್ದವಳ ತಪ್ಪಿಲ್ಲ ಎಂದು ಬರೆದು ಕಳಿಸಿದರೆ ಮರುಪರಿಶೀಲನೆ ಮಾಡುತ್ತಾರಂತೆ. ಮೇಷ್ಟ್ರು ಬರೆಯುತ್ತೇನೆ ಎಂದರು. ನಾಳೆ ಎಂದರು, ಮಾತು ಸರಿಯಾಗಿ ಜೋಡಿಸಬೇಕು ಎಂದರು, ಇವತ್ತು ತಲೆನೋವು ಎಂದರು. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ವಿವರಿಸುವ ಮನುಷ್ಯನಿಗೆ ನಾಲ್ಕು ಸಾಲು ಹೊಳೆಯಲಿಲ್ಲ. ಅರ್ಜಿಯ ಗಡುವು ದಾಟಿದ ಮೇಲೆ, ಅಯ್ಯೋ ಇಷ್ಟು ಬೇಗ ಮುಗಿಯಿತೇ ಎಂದು ಮತ್ತೊಮ್ಮೆ ಹಣೆ ಚಚ್ಚಿಕೊಂಡರು.

ತಡೆಯ ವರ್ಷದ ನಡುವೆಯೇ ಪಿಂಗಮ್ಮನ ಎರಡನೆಯ ಮೆಟ್ಟಿಲೂ ಕುಸಿಯಿತು. ಅದರ ಜೊತೆ ಮೊದಲನೆಯದೂ ಹೋಯಿತು. ಮೇಷ್ಟ್ರು ಮಾತ್ರ ಅಷ್ಟರಲ್ಲಿ ಎರಡನೆಯದರ ಪರೀಕ್ಷೆಯನ್ನೇ ಇನ್ನೊಮ್ಮೆ ಬರೆದು ತಮ್ಮದನ್ನು ಉಳಿಸಿಕೊಂಡಿದ್ದರು. ಪ್ರಮಾಣಪತ್ರವಿಲ್ಲದವರು ಗಿರಾಕಿಗಳ ಯಂತ್ರ ಮುಟ್ಟಬಾರದೆಂಬುದು ಕಂಪನಿಯ ಕಟ್ಟುನಿಟ್ಟು. ಅವಳನ್ನು ಕೆಳಗಿನ ಮಹಡಿಯ ಫೋನುಗಳ ಕೋಣೆಗೆ ಕಳಿಸಿದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನೆಟ್ ಬರುತ್ತಿಲ್ಲ ಎಂದು ಕೂಗಾಡುವವರಿಗೆ, ಒಮ್ಮೆ ಸ್ವಿಚ್ ಆರಿಸಿ ಹಾಕಿ ಸಾರ್ ಎನ್ನುವ ಕೆಲಸ. ನಿನ್ನೆಯವರೆಗೆ ಇಡೀ ಕಟ್ಟಡದ ಜಾಲ ಹೆಣೆಯುತ್ತಿದ್ದವಳು ಅದನ್ನೇ ದಿನವಿಡೀ ಹೇಳಿದಳು. ಸಂಜೆ ಮನೆಗೆ ಬಂದಾಗ ಅವಳಿಗೆ ಯಾರೊಂದಿಗೂ ಮಾತು ಬೇಡವಾಗಿರುತ್ತಿತ್ತು.

ಅನುಮಾನ ಬರಲಿಲ್ಲವೇ ಎಂದರೆ, ಬಂತು. ತರಕಾರಿ ಹೆಚ್ಚುವಾಗ ಬಂತು, ಬಸ್ಸಿನಲ್ಲಿ ನೇತಾಡುವಾಗ ಬಂತು. ತುಟಿಗೆ ಪಿನ್ ಕಚ್ಚಿಸಿದವರಿಗೆ ಬಾಯಿ ತೆರೆದು ಮಾತಾಡಬಾರದೆಂಬುದು ಮರೆತುಹೋಯಿತೇ? ಗೋಡೆಯ ಕ್ಯಾಲೆಂಡರನ್ನೂ ಬಿಡದವರಿಗೆ ಬಾಗಿಲು ನೆನಪಾಗಲಿಲ್ಲವೇ? ಬಂದಷ್ಟೇ ಬೇಗ ಅವಳು ಅದನ್ನು ಅದುಮಿದಳು. ಒಂದು ಲೋಟ ಕಾಫಿಗಾಗಿ ಕಟ್ಟಿಕೊಂಡ ಗಂಡನನ್ನು ಶಂಕಿಸುವುದೇ, ಇದೆಂಥ ಸಣ್ಣ ಬುದ್ಧಿ ನನ್ನದು ಎಂದು ತನ್ನನ್ನೇ ಹಳಿದುಕೊಂಡಳು. ಆ ಪಾಪ ಕಳೆದುಕೊಳ್ಳುವುದಕ್ಕೋ ಎಂಬಂತೆ, ಮೇಷ್ಟ್ರು ಮೂರನೆಯ ಸಲ ಪರೀಕ್ಷೆಗೆ ಕೂರುತ್ತೇನೆ ಎಂದಾಗ ತಾನೇ ಮುಂದೆ ನಿಂತು ಪಾಠ ಹೇಳಿದಳು. ಮಂಚದ ಕೆಳಗಿನ ಯಂತ್ರಗಳಲ್ಲಿ ಬೇಕೆಂದೇ ಒಂದೊಂದು ತಪ್ಪು ಹುಗಿದಿಟ್ಟು ಹುಡುಕಿ ಎನ್ನುವಳು. ಅವರು ನೋಡದೆಯೇ ಉತ್ತರ ಹೇಳಿದರೆ, ಮೊದಲು ತಂತಿ ನೋಡಿ ಎಂದು ಕೈ ಹಿಡಿದು ನಿಲ್ಲಿಸುವಳು. ಮೇಷ್ಟ್ರು ಮೊದಮೊದಲು ಸಿಡುಕಿದರು, ಆಮೇಲೆ ಕಲಿತರು. ನಿಜಕ್ಕೂ ಕಲಿತರು. ಅವಳಿಗೆ ಹೆಮ್ಮೆಯಾಯಿತು, ಹೊಟ್ಟೆಯಲ್ಲಿ ಉರಿಯೂ ಆಯಿತು. ಎರಡನ್ನೂ ಅವಳು ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವಳು ಕೆಲಸದಿಂದ ಬಂದಾಗ ಬಾಗಿಲಿಗೆ ಹೊಸ ಚಿಲಕ ಕೂತಿತ್ತು. ಹಳೆಯದು ಕಿತ್ತ ಜಾಗದಲ್ಲಿ ಮರದ ಹೊಟ್ಟು ಇನ್ನೂ ನೆಲದ ಮೇಲಿತ್ತು. ಮೇಷ್ಟ್ರು ಸ್ಕ್ರೂ ತಿರುಪುವುದನ್ನು ಕಸುಬಿನವನಂತೆ ಮುಗಿಸಿ, ಚಿಲಕ ಹಾಕಿ ತೆಗೆದು ಹಾಕಿ ನೋಡುತ್ತಿದ್ದರು. ಪಿಂಗಮ್ಮ ಪೊರಕೆ ತಂದು ಹೊಟ್ಟು ಗುಡಿಸಿದಳು.

ಬೆಳಿಗ್ಗೆ ಮೇಷ್ಟ್ರು ಒಳಗೆ ಹೋಗುವ ಮುನ್ನ, ಚಿಲಕ ಇದ್ದರೂ ಹೊರಗೆ ಒಬ್ಬರು ಇರಬೇಕು, ಯಾರಾದರೂ ಕೂಗಿದರೂ ಕೆಟ್ಟಂತೆ, ನೀನು ಇಲ್ಲೇ ಕೂತಿರು ಎಂದು ಹೇಳಿದರು. ಅವಳು ಅಡಿಗೆಮನೆಯ ಸ್ಟೂಲ್ ತಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಒಳಗಿಂದ ಕೀಲಿಮಣೆಯ ಟಕಟಕ ಸದ್ದು ಕೇಳುತ್ತಿತ್ತು. ಸದ್ದು ನಿಂತಾಗ, ಈಗ ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಅವಳ ಮನಸ್ಸು ತಾನಾಗಿಯೇ ಅವರ ಜೊತೆ ಹುಡುಕುತ್ತಿತ್ತು. ಮತ್ತೆ ಟಕಟಕ ಶುರುವಾದರೆ ಅವಳಿಗೇ ಉಸಿರು ಬಂದಂತಾಗುತ್ತಿತ್ತು. ಒಂದು ಸಲ ತಟ್ಟಿದರೆ ಸಾಕು ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಬಂತು. ಬಂದು, ಇಂಥದು ನನ್ನ ತಲೆಗೂ ಬರುತ್ತದಲ್ಲ ಎಂದು ಅವಳಿಗೇ ನಾಚಿಕೆಯಾಗಿ, ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತಳು.

ನಡುವೆ ಅತ್ತೆ ಬಂದರು. ಅವರ ಮಂಡಿನೋವಿನ ಎಣ್ಣೆ ಆ ಕೋಣೆಯಲ್ಲಿ ಉಳಿದಿತ್ತಂತೆ. ಮಗನನ್ನು ಒಂದು ಕೂಗು ಕೂಗಿದರೆ ಕೊಟ್ಟುಬಿಡುತ್ತಾನೆ ಎಂದು ಬಾಯಿ ತೆರೆದರು. ಪಿಂಗಮ್ಮ ಹಾರಿಬಿದ್ದು ಅತ್ತೆಯ ಬಾಯಿಗೆ ಅಂಗೈ ಒತ್ತಿದಳು. ಸೊಸೆ ಅತ್ತೆಯ ಬಾಯಿ ಮುಚ್ಚಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ಮುದುಕಿ ಕಣ್ಣು ಕೆಕ್ಕರಿಸಿ ನೋಡಿದರು, ಸೊಸೆಯ ಮುಖ ನೋಡಿ ತಣ್ಣಗಾದರು, ಮತ್ತೆ ಸದ್ದಿಲ್ಲದೆ ಅಲ್ಲೇ ನೆಲದ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತರು. ಇಬ್ಬರು ಹೆಂಗಸರು ಒಂದು ಬಾಗಿಲು ಕಾದರು.

ಕೊನೆಗೆ ಚಿಲಕ ಸರಿಯಿತು. ಮೇಷ್ಟ್ರು ಬೆವರಿ ಒದ್ದೆಯಾಗಿದ್ದರು, ಮುಖ ಮಾತ್ರ ಹೊಳೆಯುತ್ತಿತ್ತು. ಪಾಸು ಎಂದರು. ಅತ್ತೆ ಎದ್ದು ಮಗನ ಬೆನ್ನು ಸವರಿ, ಇನ್ನು ಒಳಗಿರುವ ನನ್ನ ಎಣ್ಣೆ ಶೀಶೆ ತಂದುಕೊಡು ಎಂದರು. ಪಿಂಗಮ್ಮ ಸ್ಟೂಲಿನಿಂದ ಎದ್ದು ನಕ್ಕಳು, ಮನಸಾರೆ ನಕ್ಕಳು. ಎಷ್ಟಾದರೂ ಅವಳೇ ಕಲಿಸಿದ ವಿದ್ಯೆ. ಆ ಸಂತೋಷದಲ್ಲಿ ಮೇಷ್ಟ್ರು ಅಂಗಿಯ ತುದಿಯಿಂದ ಕತ್ತು ಒರೆಸಿಕೊಳ್ಳುತ್ತ ಅವಳತ್ತ ತಿರುಗಿದರು.

“ಸದ್ಯ ಕಣೇ. ನೀನೆಲ್ಲಿ ಬಾಗಿಲು ತಟ್ಟಿಬಿಡ್ತೀಯೋ ಅಂತ ಇಡೀ ಹೊತ್ತು ಜೀವ ಕೈಯಲ್ಲಿ ಹಿಡ್ಕೊಂಡು ಬರೆದೆ.”

ಕುಂಬಳಕಾಯಿ ಕಳ್ಳ ಎಂದು ಅಲ್ಲಿ ಯಾರೂ ಕೂಗಿರಲಿಲ್ಲ. ಮೇಷ್ಟ್ರು ತಾವಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು. ಪಿಂಗಮ್ಮನ ನಗು ಮುಖದ ಮೇಲೆ ಹಾಗೆಯೇ ಸ್ವಲ್ಪ ಹೊತ್ತು ಉಳಿಯಿತು.

ಅತ್ತೆಗೆ ಏನೂ ಅರ್ಥವಾಗಲಿಲ್ಲ. ಸೊಸೆ ತಮ್ಮ ಬಾಯಿಯನ್ನೇ ಮುಚ್ಚಿ ಕಾದದ್ದನ್ನು ಕಣ್ಣಾರೆ ಕಂಡವರು ಅವರು. “ಅವಳ್ಯಾಕೋ ಬಾಗಿಲು ತಟ್ತಾಳೆ?” ಎಂದು ಮಗನನ್ನು ಕೇಳಿದರು. ಸುಮ್ಮನೆ ಕೇಳಿದ್ದು, ಬೇರೇನೂ ಇಲ್ಲ.

ಮೇಷ್ಟ್ರು ಬಾಯಿ ತೆರೆದರು. ಎಲ್ಲವನ್ನೂ ಎಲ್ಲರಿಗೂ ವಿವರಿಸಿ ರೂಢಿಯಿದ್ದ ಬಾಯಿ ಅದು. ಏನೋ ಹಾಗೇ ಬಾಯಿಗೆ ಬಂತು ಎಂದರು, ಟೆನ್ಷನ್ನಿನಲ್ಲಿ ಏನೇನೋ ಅನಿಸುತ್ತದೆ ಎಂದರು, ಆಮೇಲೆ ಅತ್ತೆಯ ಎಣ್ಣೆ ಶೀಶೆ ಹುಡುಕಲು ಕೋಣೆಯೊಳಕ್ಕೆ ತಿರುಗಿದರು. ಪಿಂಗಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.

“ಅವತ್ತು ನೀವು ಮರೆತಿರ್ಲಿಲ್ಲ” ಎಂದಳು.

ಕೂಗಲಿಲ್ಲ, ಅಳಲಿಲ್ಲ. ಹೇಳಿ ಕಾದಳು. ಅತ್ತೆಯೂ ಮಗನ ಮುಖ ನೋಡುತ್ತ ಕಾದರು. ಇಲ್ಲ ಅನ್ನುವ ಒಂದು ಮಾತು ಸಾಕಿತ್ತು. ಅದು ಸುಳ್ಳಾಗಿದ್ದರೂ ಅವಳು ಅದನ್ನು ಹಿಡಿದುಕೊಂಡು ಇನ್ನೂ ಎಷ್ಟೋ ವರ್ಷ ಆ ಮನೆಯಲ್ಲಿ ಕಳೆಯುತ್ತಿದ್ದಳು. ಮೇಷ್ಟ್ರು ಅದನ್ನೂ ಹೇಳಲಿಲ್ಲ.